ಈಸಕ್ಕಿಯಾಸೆ ಯಾಕೆ? ಕಾಯಕದ ಬಗ್ಗೆ ಒಂದು ಟಿಪ್ಪಣಿ

'ಕಾಯಕವೇ ಕೈಲಾಸ' ಅನ್ನೋ ಮಾತನ್ನು ನಾವೆಲ್ಲ ಶಾಲೆಯ ಗೋಡೆ ಮೇಲೆ ಓದಿದವರೇ. ಪರೀಕ್ಷೆಯಲ್ಲಿ 'ದುಡಿಮೆಯೇ ದೇವರು' ಎಂದು ಬರೆದು ಮುಂದೆ ಹೋಗುತ್ತೇವೆ. ಅಲ್ಲಿಗೇ ಬಿಟ್ಟರೆ ಅರ್ಧ ಪಾಠ ಬಿಟ್ಟ ಹಾಗೆ.

ಬಹಳ ಜನ ಇದನ್ನು ಬಸವಣ್ಣನ ಮಾತು ಅಂದುಕೊಂಡಿದ್ದಾರೆ. ಇದು ಬರುವುದು 12ನೇ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ಮುಳುಗಿದ್ದಾಗ ಗುರು ಎದುರು ಬಂದರೂ, ಲಿಂಗಪೂಜೆಯ ಹೊತ್ತಾದರೂ ಮರೆಯಬೇಕು ಅನ್ನುತ್ತಾನೆ ಅವನು. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯುವುದು ಅವನ ಕೆಲಸ. ಅದರಲ್ಲೇ ಮನೆ ನಡೆಯಬೇಕು, ಜಂಗಮರ ಊಟವೂ ಆಗಬೇಕು. ಒಂದು ದಿನ ಜಾಸ್ತಿ ಅಕ್ಕಿ ತಂದನಂತೆ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. 'ಈಸಕ್ಕಿಯಾಸೆ ನಿಮಗೇಕೆ?' ಎಂದು ಕೇಳಿ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಅಂದಳು. ಈಸಕ್ಕಿ ಅಂದರೆ ಇಷ್ಟೊಂದು ಅಕ್ಕಿ. ಗಂಡನ ವಚನದ ಪಕ್ಕ ಹೆಂಡತಿಯ ವಚನ ಇಟ್ಟು ಓದಿದರೇ ಕಾಯಕ ಪೂರ್ತಿ ಅರ್ಥವಾಗುವುದು. ನನಗಂತೂ ಲಕ್ಕಮ್ಮನೇ ಹೆಚ್ಚು ಹತ್ತಿರ.

ಯಾಕೆ ಅಂದರೆ, ಬೆಂಗಳೂರಲ್ಲಿ ನಾನಿದ್ದ ಆಫೀಸಿನ ಲಿಫ್ಟ್ ಪಕ್ಕ ಇದೇ ಮಾತಿನ ಬೋರ್ಡ್ ಇತ್ತು. ರಾತ್ರಿ ಹತ್ತಾದರೂ ಯಾರೂ ಏಳುತ್ತಿರಲಿಲ್ಲ. ಆಯಿ ಕಾರವಾರದಿಂದ ಫೋನ್ ಮಾಡಿದರೆ 'ಮೀಟಿಂಗಲ್ಲಿದ್ದೇನೆ' ಅಂತ ಕಟ್ ಮಾಡುತ್ತಿದ್ದೆ. ಗುರು ಬಂದರೂ ಮರೆಯಬೇಕು ಅಂದಿದ್ದಾನಲ್ಲ, ಹಾಗಾದರೆ ಇದೂ ಕಾಯಕವೇ ಅಲ್ವಾ ಅಂದುಕೊಂಡಿದ್ದೆ. ಅಲ್ಲ. ಮಾರಯ್ಯನ ದುಡಿಮೆ ದಾಸೋಹಕ್ಕೆ, ಅಂದರೆ ಹಂಚಿ ಉಣ್ಣುವುದಕ್ಕೆ ಸೇರುತ್ತಿತ್ತು. ನನ್ನ ದುಡಿಮೆ ಯಾರ ತಟ್ಟೆಗೆ ಸೇರುತ್ತಿದೆ ಅಂತ ನಾನು ಕೇಳಿಕೊಂಡೇ ಇರಲಿಲ್ಲ. ಇದು ಬಡತನದ ಹೊಗಳಿಕೆಯೂ ಅಲ್ಲ. ಶುದ್ಧ ಮನಸ್ಸಿನಿಂದ ಕಾಯಕ ಮಾಡುವವನಿಗೆ ಎಲ್ಲಿ ನೋಡಿದರೂ ಲಕ್ಷ್ಮಿಯೇ ಅನ್ನುತ್ತಾಳೆ ಅದೇ ಲಕ್ಕಮ್ಮ.

ಈಗ ನಮ್ಮ ಕಾರವಾರದ ಮೀನು ಮಾರ್ಕೆಟ್ ನೋಡಿ. ಬೋಣಿಯ ನೋಟನ್ನು ಮೀನು ಮಾರುವ ಅಕ್ಕ ಬುಟ್ಟಿಗೆ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಬಂಗಡೆಯ ನೀರು ಮೊಣಕೈವರೆಗೂ ಇಳಿದಿರುತ್ತದೆ. ಪೂಜೆಗೆ ಅಂತ ಕೈ ತೊಳೆಯುವುದಿಲ್ಲ. ಮಾರಯ್ಯನ ವಚನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಲಕ್ಕಮ್ಮನ ಮಾತಿಗೂ ಕಡಲಲ್ಲೇ ಉದಾಹರಣೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು. ಸರ್ಕಾರದ ನಿಯಮ ನಿಜ, ಆದರೆ ಒಳಗಿನ ಮಾತು ಲಕ್ಕಮ್ಮನದೇ. ಆ ದಿನಗಳಲ್ಲಿ ಬೈತಖೋಲ್ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಜನ ಕೂತು ಬಲೆ ರಿಪೇರಿ ಮಾಡುತ್ತಿರುತ್ತಾರೆ. ನೂಲ ಹುಣ್ಣಿಮೆ ಬಂದಾಗ ಕಡಲಿಗೆ ತೆಂಗಿನಕಾಯಿ ಕೊಡುತ್ತಾರೆ.