ಗಾಢ ಮಂಪರಿಲ್ಲದೆ ಕೊಲೊನೊಸ್ಕೋಪಿ: ನೋವು ಎಲ್ಲಿಂದ ಬರುತ್ತದೆ, ಹೇಗೆ ತಗ್ಗುತ್ತದೆ

ಕೊಲೊನೊಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಗುದದ್ವಾರದ ಮೂಲಕ ತೂರಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆಯಲ್ಲಿ, ನೋವಾಗುವುದು ಕೊಳವೆ ಕರುಳಿನ ಒಳಪದರಕ್ಕೆ ತಾಗುವುದರಿಂದ ಅಲ್ಲ. ದೊಡ್ಡ ಕರುಳಿನ ಒಳಪದರಕ್ಕೆ ಕತ್ತರಿಸಿದರೂ ಸುಟ್ಟರೂ ಗೊತ್ತಾಗುವುದಿಲ್ಲ. ಪೂರ್ತಿ ಎಚ್ಚರವಿರುವ ರೋಗಿಯಿಂದಲೂ ಪಾಲಿಪ್ (ಒಳಪದರದಲ್ಲಿ ಬೆಳೆಯುವ ಗಂಟು) ತೆಗೆಯಲು ಸಾಧ್ಯವಾಗುವುದು ಇದೇ ಕಾರಣಕ್ಕೆ. ಗುದದ್ವಾರದ ಅಂಚು ಮಾತ್ರ ಚರ್ಮದಷ್ಟೇ ಸೂಕ್ಷ್ಮ. ಉಳಿದಂತೆ ಕರುಳಿಗೆ ಗೊತ್ತಾಗುವುದು ಎಳೆತ. ಒಳಗೆ ತುಂಬಿದ ಗಾಳಿಯಿಂದ ಕರುಳು ಉಬ್ಬಿದಾಗ ಎಳೆತ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೊಳವೆ ಬಳುಕಿ ಕುಣಿಕೆಯಾಗಿ, ಕರುಳನ್ನು ಹೊಟ್ಟೆಯ ಹಿಂಗೋಡೆಗೆ ಹಿಡಿದಿಟ್ಟಿರುವ ಮೆಸೆಂಟರಿ ಎಂಬ ಪೊರೆಯನ್ನು ಜಗ್ಗಿದಾಗ ಬರುತ್ತದೆ.

ಕಾಸರಗೋಡಿನಲ್ಲಿ ನರ್ಸಿಂಗ್ ಮತ್ತು ಎಂಡೋಸ್ಕೋಪಿ ಸಹಾಯಕರ ಕೆಲಸ ಕಲಿಯುತ್ತಿರುವ ನಾವು ಇದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಪಾಠ ಕೇಳುವುದು ಇಂಗ್ಲಿಷಿನಲ್ಲಾದರೂ ಮೇಜಿನ ಮೇಲೆ ಮಲಗಿದವರಿಗೆ ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ ಹೇಳಬೇಕಾದವರು ನಾವೇ. ಜೊತೆಗೆ ಇಲ್ಲಿನ ಪರಿಸ್ಥಿತಿ ನೋಡಿ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಈ ಪರೀಕ್ಷೆಗೆ ಕಾಸರಗೋಡು ಪೇಟೆಗೋ ಗಡಿ ದಾಟಿ ಮಂಗಳೂರಿಗೋ ಹೋಗುತ್ತಾರೆ. ಮಂಪರಿನ ಮದ್ದು ಕೊಟ್ಟರೆ 24 ಗಂಟೆ ವಾಹನ ಓಡಿಸುವಂತಿಲ್ಲ, ಕಾಗದಪತ್ರಗಳಿಗೆ ಸಹಿ ಹಾಕುವಂತಿಲ್ಲ, ಮನೆಗೆ ಕರೆದೊಯ್ಯಲು ಜೊತೆಗೊಬ್ಬರು ಬೇಕು. ಅಂದರೆ ದಿನಗೂಲಿಯ ಮನೆಯಲ್ಲಿ ಇಬ್ಬರ ಸಂಬಳ ಹೋಯಿತು. ಮದ್ದೇ ಬೇಡವೆಂದವರು ಸ್ವಲ್ಪ ಹೊತ್ತು ಕುಳಿತು, ಚಹಾ ಕುಡಿದು, ತಾವೇ ಬಸ್ಸು ಹತ್ತಬಹುದು.

ಮಂಪರಿಗೆ ಹಂತಗಳಿವೆ: ಲಘು, ಮಧ್ಯಮ, ಗಾಢ, ಆಮೇಲೆ ಪೂರ್ಣ ಅರಿವಳಿಕೆ. ಲಘು ಹಂತದಲ್ಲಿ ರೋಗಿ ಮಾತಿಗೆ ಸಹಜವಾಗಿ ಉತ್ತರಿಸುತ್ತಾರೆ, ಆತಂಕ ಮಾತ್ರ ಇಳಿದಿರುತ್ತದೆ. ಸಾಮಾನ್ಯವಾಗಿ ರಕ್ತನಾಳದ ಮೂಲಕ 1ರಿಂದ 2 ಮಿಲಿಗ್ರಾಂ ಮಿಡಜೋಲಾಮ್‌ನಿಂದ ಶುರು ಮಾಡುತ್ತಾರೆ. ವಯಸ್ಸಾದವರಿಗೆ ಇನ್ನೂ ಕಡಿಮೆ. ಮಿಡಜೋಲಾಮ್ ನೋವಿನ ಮದ್ದಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಅದು ಭಯವನ್ನೂ ನೆನಪನ್ನೂ ಮಸುಕಾಗಿಸುತ್ತದೆ, ಅಷ್ಟೇ. ನೋವಿಗೆ ಬೇಕಾದುದು ಫೆಂಟನಿಲ್‌ನಂಥದ್ದು. ಎರಡನ್ನೂ ಕೊಡುವುದಾದರೆ ಮೊದಲು ಫೆಂಟನಿಲ್. ಅದು ನಾಟಿದ ಮೇಲೆಯೇ ಮಿಡಜೋಲಾಮ್, ಅದೂ ತುಸು ತುಸುವಾಗಿ. ಎರಡೂ ಸೇರಿದರೆ ಉಸಿರಾಟ ಕುಗ್ಗುವ ಅಪಾಯ ದುಪ್ಪಟ್ಟಿಗಿಂತ ಹೆಚ್ಚೆಂದೇ ಎಣಿಸಿ ಎಚ್ಚರ ವಹಿಸುವುದು ಒಳ್ಳೆಯದು. ಪ್ರಮಾಣ ಎಷ್ಟೇ ಸಣ್ಣದಿರಲಿ, ಬೆರಳಿಗೆ ಆಕ್ಸಿಮೀಟರ್, ಪಕ್ಕದಲ್ಲಿ ಆಮ್ಲಜನಕ, ಪ್ರತಿಮದ್ದುಗಳಾದ ಫ್ಲುಮಾಜೆನಿಲ್ ಮತ್ತು ನಲೊಕ್ಸೋನ್ ಸಿದ್ಧವಿರಲೇಬೇಕು. ಗಾಢ ಮಂಪರು ತರಿಸುವ ಪ್ರೊಪೊಫಾಲ್‌ಗೆ ಪ್ರತಿಮದ್ದಿಲ್ಲ, ಅದು ಅರಿವಳಿಕೆ ಬಲ್ಲವರ ಕೈಯ ಸಂಗತಿ.

ಈಗ ಮುಖ್ಯ ವಿಷಯ, ಕುಣಿಕೆ. ಗುದನಾಳ ದಾಟಿದೊಡನೆ ಬರುವ ಸಿಗ್ಮಾಯಿಡ್ ಭಾಗ ಹೊಟ್ಟೆಯೊಳಗೆ ಸಡಿಲವಾಗಿ ಓಲಾಡುತ್ತಿರುತ್ತದೆ. ಕೊಳವೆಯನ್ನು ಒತ್ತಿ ತಳ್ಳಿದರೆ ತುದಿ ಮುಂದೆ ಹೋಗುವ ಬದಲು ಸಿಗ್ಮಾಯಿಡ್ ಮೇಲಕ್ಕೆ ಬಾಗುತ್ತದೆ. ನುರಿತವರು ತಳ್ಳುವುದಕ್ಕಿಂತ ಹೆಚ್ಚಾಗಿ ಹಿಂದಕ್ಕೆಳೆದು, ಬಲಕ್ಕೆ ತಿರುಗಿಸಿ, ಕರುಳನ್ನೇ ಕೊಳವೆಯ ಮೇಲೆ ಮಡಚಿ ತಂದುಕೊಳ್ಳುತ್ತಾರೆ. ಲಂಗಕ್ಕೆ ಲಾಡಿ ಪೋಣಿಸುವಾಗ ಪಿನ್ನಿನ ಮೇಲೆ ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಎಳೆದುಕೊಳ್ಳುವ ಹಾಗೆ. ಹೀಗೆ ನೇರವಾದ ಕೊಳವೆ ದೊಡ್ಡ ಕರುಳಿನ ಆಚೆ ತುದಿಯಾದ ಸೀಕಮ್ ಮುಟ್ಟುವಾಗ 70ರಿಂದ 80 ಸೆಂಟಿಮೀಟರ್ ಮಾತ್ರ ಒಳಗಿರುತ್ತದೆ. ಇನ್ನೂ ಅಲ್ಲಿಗೆ ತಲುಪದೆ 100 ಸೆಂಟಿಮೀಟರ್ ಗುರುತು ಕಂಡರೆ ಒಳಗೆ ಕುಣಿಕೆ ಇದೆ ಎಂದೇ ತಿಳಿಯಿರಿ. ಸಹಾಯಕರಾದ ನಾವು ಆ ಗುರುತನ್ನು ನೋಡಿ ಮೆಲ್ಲಗೆ ಹೇಳಬಹುದು. ಹೇಳಿದರೆ ಬೇಸರಿಸುವ ವೈದ್ಯರು ಕಡಿಮೆ.

ಎಚ್ಚರವಿರುವ ರೋಗಿಯ ‘ಅಯ್ಯೋ’ ಎಂಬ ಉದ್ಗಾರವೂ ಕುಣಿಕೆಯ ಸೂಚನೆಯೇ. ಗಾಢ ಮಂಪರಿನಲ್ಲಿ ಆ ಸೂಚನೆ ಸಿಗುವುದಿಲ್ಲ, ತಳ್ಳುವ ಕೈಗೆ ತಡೆಯೂ ಇರುವುದಿಲ್ಲ. ನನ್ನ ಮಟ್ಟಿಗೆ ಲಘು ಮಂಪರಿನ ಪರವಾದ ಬಲವಾದ ವಾದ ಇದೇ, ಖರ್ಚು ಉಳಿಯುವುದಲ್ಲ.

ಹೊಟ್ಟೆ ಒತ್ತಿಹಿಡಿಯುವುದು ನಮ್ಮ ಪಾಲಿನ ಕೆಲಸ. ಕುಣಿಕೆಯನ್ನು ಬಿಡಿಸಿದ ನಂತರ, ಅದು ಮತ್ತೆ ಏಳದಂತೆ ಎಡ ಕೆಳಹೊಟ್ಟೆಯ ಮೇಲೆ ಅಂಗೈಯಿಟ್ಟು ಒತ್ತಬೇಕು. ಇರುವ ಕುಣಿಕೆಯ ಮೇಲೆಯೇ ಬಲ ಹಾಕಿದರೆ ನೋವು ಹೆಚ್ಚುತ್ತದೆ. ಕೈ ಇಡುವ ಮುನ್ನ ರೋಗಿಗೆ ಹೇಳಿಯೇ ಇಡಿ. ಎಡಮಗ್ಗುಲಲ್ಲಿ ಶುರು ಮಾಡಿ, ಮುಂದೆ ಸಾಗದಿದ್ದರೆ ಅಂಗಾತವೋ ಬಲಮಗ್ಗುಲೋ ಮಾಡಿಸುವುದು ಒತ್ತುವುದಕ್ಕಿಂತ ಎಷ್ಟೋ ಸಲ ಹೆಚ್ಚು ಫಲ ಕೊಡುತ್ತದೆ. ಎಚ್ಚರವಿರುವವರು ತಾವೇ ಹೊರಳುತ್ತಾರೆ. ಮಂಪರಿನಲ್ಲಿರುವವರನ್ನು ಮೂವರು ಸೇರಿ ಹೊರಳಿಸಬೇಕು.

ಇನ್ನು ಗಾಳಿ. ಕೋಣೆಯ ಗಾಳಿಯ ಬಹುಪಾಲು ಸಾರಜನಕ. ಕರುಳು ಅದನ್ನು ಬಹಳ ನಿಧಾನವಾಗಿ ಹೀರಿಕೊಳ್ಳುತ್ತದೆ. ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್ ತುಂಬಿದರೆ ಅದು ಸಾರಜನಕಕ್ಕಿಂತ ನೂರು ಪಟ್ಟಿಗೂ ಹೆಚ್ಚು ವೇಗವಾಗಿ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಹೋಗುತ್ತದೆ. ಆದ್ದರಿಂದ ಪರೀಕ್ಷೆಯ ನಂತರದ ಹೊಟ್ಟೆಯುಬ್ಬರ ಬೇಗ ಇಳಿಯುತ್ತದೆ. ಆ ಅನಿಲ ತುಂಬುವ ಯಂತ್ರವಿಲ್ಲದ ಕಡೆಯೂ ನೀರಂತೂ ಇದ್ದೇ ಇದೆ. ಒಳಗೆ ಹೋಗುವಾಗ ಗಾಳಿಯ ಗುಂಡಿಯನ್ನು ಮುಚ್ಚಿ, ಉಗುರುಬೆಚ್ಚಗಿನ ನೀರನ್ನು ಬಿಡುತ್ತಾ, ಕೊಳೆಯಾದ ನೀರನ್ನು ಹೀರಿ ತೆಗೆಯುತ್ತಾ ಸಾಗುವ ವಿಧಾನ ನೋವನ್ನು ಚೆನ್ನಾಗಿ ತಗ್ಗಿಸುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆ. ಗಾಳಿ ಕರುಳನ್ನು ಉಬ್ಬಿಸಿ ಉದ್ದ ಮಾಡುತ್ತದೆ. ಎಡಮಗ್ಗುಲಲ್ಲಿ ಮಲಗಿದಾಗ ನೀರಿನ ಭಾರಕ್ಕೆ ಸಿಗ್ಮಾಯಿಡ್ ಕೆಳಗೆ ಕುಳಿತು ತಿರುವುಗಳು ಸಡಿಲಾಗುತ್ತವೆ. ಕೆಲವು ನಿಮಿಷ ಹೆಚ್ಚು ಹಿಡಿಯುತ್ತದೆ, ಸರದಿ ಉದ್ದವಿರುವ ದಿನ ಗೊಣಗಾಟ ಸಹಜ.

ತೆಳ್ಳಗಿನ ಹೆಂಗಸರು, ಗರ್ಭಕೋಶ ತೆಗೆಸಿಕೊಂಡವರು, ತುಂಬ ಆತಂಕವಿರುವವರು: ಇವರಿಗೆ ನೋವು ಹೆಚ್ಚು. ಇವರಿಗೆ ಮದ್ದಿನ ಆಯ್ಕೆಯನ್ನು ಮೊದಲೇ ತೆರೆದಿಡಬೇಕು. ‘ಸಹಿಸಿಕೊಳ್ಳಿ ಅಮ್ಮಾ’ ಎನ್ನುವುದು ಸೌಕರ್ಯವಲ್ಲ. ಸಾಕು ಎಂದರೆ ಕೊಳವೆ ನಿಲ್ಲಬೇಕು, ಕೇಳಿದರೆ ಮದ್ದು ಸಿಗಬೇಕು; ಅದಕ್ಕಾಗಿ ಶಿರೆಗೆ ಸೂಜಿಯನ್ನು ಮುಂಚೆಯೇ ಹಾಕಿಟ್ಟಿರಬೇಕು. ಬೆವರಿ, ನಾಡಿ ನಿಧಾನವಾದರೆ ಅದು ಕರುಳಿನ ಎಳೆತಕ್ಕೆ ವೇಗಸ್ ನರ ಕೊಟ್ಟ ಉತ್ತರ: ಗಾಳಿ ಹೀರಿ, ಕೊಳವೆಯನ್ನು ಹಿಂದಕ್ಕೆಳೆದರೆ ಹೆಚ್ಚಿನವರು ಸುಧಾರಿಸುತ್ತಾರೆ.

ಹೇಳುವ ಮಾತು ಚಿಕ್ಕದಿರಲಿ, ಸಮಯಕ್ಕೆ ಬರಲಿ. ‘ಅಜ್ಜಾ, ಈಗ ಒಂದು ತಿರುವು, ಹೊಟ್ಟೆ ಸ್ವಲ್ಪ ಬಿಗಿಯುತ್ತದೆ. ಗಾಳಿ ಬಿಡಬೇಕೆನಿಸಿದರೆ ಬಿಟ್ಟುಬಿಡಿ, ನಾಚಿಕೆ ಬೇಡ.’ ನಾಚಿಕೆಯಿಂದ ಗಾಳಿ ತಡೆದುಕೊಂಡು ನೋವು ತಿನ್ನುವವರು ನಮ್ಮಲ್ಲಿ ಬಹಳ. ಹಿಂಬದಿ ಸೀಳಿರುವ ಪರೀಕ್ಷೆಯ ಚಡ್ಡಿ, ಹೊದಿಕೆ, ಮುಚ್ಚಿದ ಬಾಗಿಲು ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ.

ಹಿಂದಿನ ದಿನದ ತಯಾರಿಯ ಬಗ್ಗೆ ಇಷ್ಟು. ಕರುಳು ಶುದ್ಧವಿಲ್ಲದಿದ್ದರೆ ತೊಳೆಯುವುದರಲ್ಲೇ ಹೊತ್ತು ಹೋಗುತ್ತದೆ, ನೋವೂ ಹೆಚ್ಚುತ್ತದೆ. ಭೇದಿಯ ದ್ರಾವಣವನ್ನು ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ ಕುಡಿಯುವುದು ಉತ್ತಮ. ಆದರೆ ಮುಳ್ಳೇರಿಯದಿಂದ ಬೆಳಗಿನ ಬಸ್ಸಿಗೆ ಹೊರಡುವವರಿಗೆ ಇದು ಶಿಕ್ಷೆ. ದೂರದವರಿಗೆ ಮಧ್ಯಾಹ್ನದ ಹೊತ್ತು ಕೊಡಿಸುವಷ್ಟು ವಿವೇಕ ನೋಂದಣಿ ಮೇಜಿನಲ್ಲಿರಬೇಕು. ಬಸಳೆ, ಹರಿವೆ, ಹಲಸು, ಹುರುಳಿ ಬೇಡ. ಗಂಜಿತಿಳಿ, ಎಳನೀರು, ಸೋಸಿದ ಲಿಂಬೆ ಪಾನಕ ಆಗುತ್ತದೆ. ಪುನರ್ಪುಳಿ ಪಾನಕವನ್ನು ಹೆಸರು ಹಿಡಿದೇ ಬೇಡವೆನ್ನಿ; ಆ ಕೆಂಪು ಒಳಗೆ ರಕ್ತದಂತೆ ಕಾಣಬಹುದು.

ಕೊನೆಯ ಕ್ಷಣಗಳಿಗೂ ಬೆಲೆಯಿದೆ. ರೆಡೆಲ್‌ಮೈಯರ್, ಕಾಟ್ಸ್ ಮತ್ತು ಕಾಹ್ನೆಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 682 ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ಪರೀಕ್ಷೆ ಮುಗಿದ ಮೇಲೂ ಕೊಳವೆಯ ತುದಿಯನ್ನು ಗುದನಾಳದಲ್ಲಿ ಕೆಲಹೊತ್ತು ಅಲುಗಿಸದೆ ಇಟ್ಟಿದ್ದರು. ಹೊತ್ತು ಹೆಚ್ಚಾದರೂ ಅವರು ನೆನಪಿಸಿಕೊಂಡ ನೋವು ಕಡಿಮೆ, ಏಕೆಂದರೆ ಕೊನೆ ಸೌಮ್ಯವಾಗಿತ್ತು. ಬೇಕೆಂದೇ ಹೊತ್ತು ಬೆಳೆಸುವುದನ್ನು ನಾನು ಒಪ್ಪುವುದಿಲ್ಲ. ಅವಸರದಲ್ಲಿ ಸರ್ರನೆ ಎಳೆದು ಮುಗಿಸದೆ, ತುಂಬಿದ ಗಾಳಿಯನ್ನೆಲ್ಲ ಹೀರಿಕೊಂಡು ಮೆಲ್ಲಗೆ ಹೊರಬರುವುದಕ್ಕೆ ಇಷ್ಟು ಆಧಾರ ಸಾಕು. ಆಮೇಲೆ ವರದಿಯಲ್ಲಿ ಯಾವ ಮಗ್ಗುಲಲ್ಲಿ ಕೊಳವೆ ಸಾಗಿತು, ಎಷ್ಟು ಮದ್ದು ಬೇಕಾಯಿತು, ನೋವು ಯಾವ ತಿರುವಿನಲ್ಲಿ ಬಂತು ಎಂದು ಬರೆದಿಡಿ. ಪಾಲಿಪ್ ಸಿಕ್ಕವರು ಕೆಲವು ವರ್ಷಗಳಲ್ಲಿ ಮತ್ತೆ ಬರಬೇಕಾದವರು.