ಹರಕೆ ಆಟ, ಟೆಂಟ್ ಮೇಳ ಮತ್ತು ಜಗತ್ತಿನ ಟಿವಿ

2009ರ ನವೆಂಬರಿನಲ್ಲಿ ನಾರ್ವೆಯ ಎನ್‌ಆರ್‌ಕೆ ಚಾನೆಲ್ ಒಂದು ರೈಲು ಪ್ರಯಾಣ ತೋರಿಸಿತು. ಬರ್ಗನ್‌ನಿಂದ ಓಸ್ಲೋವರೆಗೆ, ಏಳು ಗಂಟೆಗೂ ಜಾಸ್ತಿ. ಕಥೆಯಿಲ್ಲ, ನಾಯಕನಿಲ್ಲ. ಹಳಿ, ಹಿಮ, ಸುರಂಗ, ಮತ್ತೆ ಹಳಿ. ಸುಮಾರು 12 ಲಕ್ಷ ಜನ ಅದನ್ನು ಒಂದಿಷ್ಟು ಹೊತ್ತಾದರೂ ನೋಡಿದರು. 2011ರಲ್ಲಿ ಅದೇ ಚಾನೆಲ್ ಒಂದು ಹಡಗಿನ ಪ್ರಯಾಣವನ್ನು 134 ಗಂಟೆ ಬಿಡದೆ ನೇರಪ್ರಸಾರ ಮಾಡಿತು.

ಮಂಗಳೂರಿನವರಿಗೆ ಇದು ತೀರಾ ವಿಚಿತ್ರ ಅನಿಸಬೇಕಿಲ್ಲ. ನಮ್ಮ ಕೇಬಲ್ ಚಾನೆಲ್‌ಗಳಲ್ಲಿ ಯಕ್ಷಗಾನ ಗಂಟೆಗಟ್ಟಲೆ ನೇರಪ್ರಸಾರ ಆಗುತ್ತದೆ. ದೈವಗಳ ನೇಮ, ಕಂಬಳ, ದೇವಸ್ಥಾನದ ಬ್ರಹ್ಮಕಲಶ ಎಲ್ಲವೂ ಹಾಗೆಯೇ. ಮಧ್ಯೆ ಎದ್ದು ಊಟ ಮುಗಿಸಿ ಬಂದು ಕೂತರೂ ಆಟ ನಡೆಯುತ್ತಲೇ ಇರುತ್ತದೆ.

ಹಾಗಾದರೆ ಟಿವಿ ಕಾರ್ಯಕ್ರಮಗಳು ಒಂದೊಂದು ದೇಶದಲ್ಲಿ ಒಂದೊಂದು ಥರ ಯಾಕೆ? ಇದಕ್ಕೆ ಒಳ್ಳೆಯ ಉತ್ತರ ನಮ್ಮ ಯಕ್ಷಗಾನದಲ್ಲೇ ಸಿಗುತ್ತದೆ ಎಂದು ನನಗೆ ಅನಿಸುತ್ತದೆ. ಯಕ್ಷಗಾನ ಪ್ರದರ್ಶನಕ್ಕೆ ನಮ್ಮಲ್ಲಿ ಆಟ ಎನ್ನುತ್ತಾರೆ. ಹರಕೆ ಆಟಕ್ಕೆ ಖರ್ಚು ಕೊಡುವವರು ಹರಕೆ ಹೊತ್ತವರು. ನೋಡಲು ಬರುವವರಿಗೆ ಟಿಕೆಟ್ ಇಲ್ಲ. ಬಂದವರು ಹತ್ತೇ ಜನ ಇದ್ದರೂ ಭಾಗವತರು ಮಂಗಳ ಹಾಡುವವರೆಗೆ ಆಟ ನಿಲ್ಲುವುದಿಲ್ಲ. ಡೇರೆ ಹಾಕಿ ಆಡುವ ಟೆಂಟ್ ಮೇಳದ ಲೆಕ್ಕ ಬೇರೆ. ಅಲ್ಲಿ ಟಿಕೆಟ್ ಮಾರಬೇಕು. ಅದಕ್ಕೇ ಹೊಸ ಪ್ರಸಂಗಗಳು ಬಂದವು, ತುಳು ಪ್ರಸಂಗಗಳು ಬೆಳೆದವು, ಹಾಸ್ಯಕ್ಕೆ ಜಾಗ ಜಾಸ್ತಿ ಆಯಿತು. ಚೆಂಡೆ ಅದೇ, ವೇಷ ಅದೇ. ದುಡ್ಡಿನ ದಾರಿ ಬೇರೆಯಾದಾಗ ಆಟದ ರೂಪವೂ ಬೇರೆಯಾಯಿತು.

ಟಿವಿಯ ಕಥೆಯೂ ಹೀಗೇ. ಅಮೆರಿಕದಲ್ಲಿ 1930ರ ದಶಕದಲ್ಲಿ ಹಗಲು ಹೊತ್ತಿನ ರೇಡಿಯೋ ಧಾರಾವಾಹಿಗಳಿಗೆ ಸೋಪು ಕಂಪನಿಗಳು ಹಣ ಹಾಕಿದವು. ಮನೆಯಲ್ಲಿರುವ ಹೆಂಗಸರು ದಿನಾ ಕೇಳಬೇಕು, ದಿನಾ ಸೋಪಿನ ಹೆಸರು ಕಿವಿಗೆ ಬೀಳಬೇಕು. ಕಥೆ ಮುಗಿದರೆ ಕಂಪನಿಗೆ ನಷ್ಟ. ಹಾಗಾಗಿ ಮುಗಿಯದ ಕಥೆ ಹುಟ್ಟಿತು, ಸೋಪ್ ಒಪೆರಾ ಎಂಬ ಹೆಸರೂ ಅಂಟಿತು. ಗೈಡಿಂಗ್ ಲೈಟ್ ಎಂಬ ಧಾರಾವಾಹಿ 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಲ್ಲಿ ಟಿವಿಗೆ ಬಂದು, ನಿಂತದ್ದು 2009ರಲ್ಲಿ.

ಲ್ಯಾಟಿನ್ ಅಮೆರಿಕದ ಧಾರಾವಾಹಿ, ಅಂದರೆ ಟೆಲಿನೊವೆಲಾ, ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಮೆಕ್ಸಿಕೋದ ಟಿವಿ ನಿರ್ಮಾಪಕ ಮಿಗೆಲ್ ಸಬಿಡೊ 1970ರ ದಶಕದಲ್ಲಿ ಇದರೊಳಗೆ ಅಕ್ಷರ ಕಲಿಕೆ, ಕುಟುಂಬ ಯೋಜನೆಯಂಥ ವಿಷಯಗಳನ್ನು ಸೇರಿಸಿದರು. ಅದೇ ಮಾದರಿ ಭಾರತಕ್ಕೆ ಬಂದು 1984ರಲ್ಲಿ ದೂರದರ್ಶನದ ಹಮ್ ಲೋಗ್ ಆಯಿತು. ಕಂತಿನ ಕೊನೆಗೆ ಹಿಂದಿ ನಟ ಅಶೋಕ್ ಕುಮಾರ್ ಬಂದು ನಾಲ್ಕು ಮಾತು ಹೇಳುತ್ತಿದ್ದದ್ದು ಹಿರಿಯರಿಗೆ ನೆನಪಿರುತ್ತದೆ. ಇಂದು ಸಂಜೆ ನಮ್ಮ ಮನೆಗಳಲ್ಲಿ ಓಡುವ ಧಾರಾವಾಹಿಯ ವಂಶವೃಕ್ಷ ಹುಡುಕುತ್ತಾ ಹೋದರೆ ಒಂದು ಬೇರು ಮೆಕ್ಸಿಕೋದಲ್ಲಿ ಸಿಗುತ್ತದೆ.

ಜಪಾನಿನ ಎನ್‌ಎಚ್‌ಕೆ ಚಾನೆಲ್ 1961ರಿಂದ ಬೆಳಿಗ್ಗೆ ಚಿಕ್ಕ ಕಂತಿನ ಧಾರಾವಾಹಿ ತೋರಿಸುತ್ತಿದೆ, 1962ರಿಂದ ಅದು ಹದಿನೈದೇ ನಿಮಿಷ. ಕೆಲಸಕ್ಕೆ ಹೊರಡುವ ಮೊದಲು ಮುಗಿಯಬೇಕಲ್ವಾ! ಬಡ ಹುಡುಗಿಯೊಬ್ಬಳ ಜೀವನ ಹೇಳುವ ಒಶಿನ್ 1983-84ರಲ್ಲಿ ಹೀಗೇ 297 ಕಂತು ಬಂತು. ಇರಾನಿನಲ್ಲಿ ಅದು ಎಷ್ಟು ಹತ್ತಿರವಾಯಿತೆಂದರೆ, ಅದರಲ್ಲಿ ಬರುವ ಒಂದು ಮನೆತನದ ಹೆಸರು ಅಲ್ಲಿ ಹಳೆ ಬಟ್ಟೆ ಅಂಗಡಿಗೇ ಅಂಟಿಕೊಂಡಿತು. ಟರ್ಕಿಯಲ್ಲಿ ವಾರಕ್ಕೊಂದು ಕಂತು, ಆದರೆ ಎರಡು ಗಂಟೆಗೂ ಉದ್ದ. ಅಲ್ಲಿ ಅಂಥ ಹೆಸರು ಮಾಡದ ಒಂದು ಧಾರಾವಾಹಿ 2008ರಲ್ಲಿ ಸಿರಿಯಾದ ಆಡುಮಾತಿಗೆ ಡಬ್ ಆಗಿ, ನೂರ್ ಎಂಬ ಹೆಸರಿನಲ್ಲಿ ಗಲ್ಫ್ ದೇಶಗಳ ಮನೆಮನೆ ತಲುಪಿತು. ಪುಸ್ತಕದ ಅರಬ್ಬಿ ಬಿಟ್ಟು ಆಡುಮಾತಿನಲ್ಲಿ ಕೇಳಿದ್ದೇ ಜನರನ್ನು ಹಿಡಿಯಿತು.

ರಿಯಾಲಿಟಿ ಶೋಗಳದ್ದು ಸುಲಭದ ವ್ಯಾಪಾರ. ಬ್ರಿಟನ್ನಿನ 1998ರ ಕ್ವಿಜ್ 2012ರಲ್ಲಿ ಕನ್ನಡದ ಕೋಟ್ಯಧಿಪತಿ ಆಯಿತು. ನೆದರ್ಲೆಂಡ್ಸ್‌ನ 1999ರ ಬಿಗ್ ಬ್ರದರ್ 2013ರಲ್ಲಿ ಕನ್ನಡದ ಬಿಗ್ ಬಾಸ್ ಆಯಿತು. ಅಡುಗೆಯ ಅಳತೆ ಹೊರಗಿನದು, ಒಗ್ಗರಣೆ ಮಾತ್ರ ನಮ್ಮದು.

ನನ್ನನ್ನು ಹೆಚ್ಚು ಕಾಡುವುದು ಬ್ರಿಟನ್ನಿನೊಳಗೇ ಇರುವ ಬೇರೊಂದು ದೇಶ, ವೇಲ್ಸ್. ವೆಲ್ಶ್ ಭಾಷೆಗೆ ಒಂದು ಚಾನೆಲ್ ಕೊಡುತ್ತೇವೆಂದು ಹೇಳಿದ್ದ ಬ್ರಿಟಿಷ್ ಸರ್ಕಾರ ಮಾತಿನಿಂದ ಹಿಂದೆ ಸರಿಯಿತು. 1980ರಲ್ಲಿ ಗ್ವಿನ್‌ಫರ್ ಇವಾನ್ಸ್ ಎಂಬ ಹಿರಿಯ ರಾಜಕಾರಣಿ, ಚಾನೆಲ್ ಬರದಿದ್ದರೆ ಸಾಯುವವರೆಗೆ ಉಪವಾಸ ಕೂರುವೆ ಎಂದರು. ಉಪವಾಸ ಶುರುವಾಗುವ ಮೊದಲೇ ಸರ್ಕಾರ ಬಗ್ಗಿತು. 1982ರ ನವೆಂಬರ್ 1ರಂದು ಎಸ್‌4ಸಿ ಎಂಬ ವೆಲ್ಶ್ ಚಾನೆಲ್ ಶುರುವಾಯಿತು. ನಮ್ಮ ಮಕ್ಕಳಿಗೂ ಗೊತ್ತಿರುವ ಕಾರ್ಟೂನ್ ಫೈರ್‌ಮನ್ ಸ್ಯಾಮ್ 1987ರಲ್ಲಿ ಬಂದದ್ದು ಅಲ್ಲಿಂದ. 2013ರಲ್ಲಿ ಅಬರಿಸ್ಟ್‌ವಿತ್ ಎಂಬ ಕಡಲ ಊರಿನ ಸುತ್ತ ಒಂದು ಪೊಲೀಸ್ ಕಥೆ ತೆಗೆದರು. ಪ್ರತಿ ದೃಶ್ಯವನ್ನೂ ಒಮ್ಮೆ ವೆಲ್ಶ್‌ನಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಚಿತ್ರೀಕರಿಸಿದರು. ಅದೇ ನಟರು, ಅದೇ ಜಾಗ.

ವೇಲ್ಸ್‌ನ 2021ರ ಜನಗಣತಿಯಲ್ಲಿ ವೆಲ್ಶ್ ಬಲ್ಲವರು ಸುಮಾರು 5.38 ಲಕ್ಷ. ನಮ್ಮ 2011ರ ಜನಗಣತಿಯಲ್ಲಿ ತುಳು ಮಾತಾಡುವವರು 18.46 ಲಕ್ಷ.

ತುಳುವಿನಲ್ಲಿ ಕಥೆಗೆ ಬರಗಾಲವಿಲ್ಲ. ನಾಟಕದ ತಂಡಗಳಿವೆ, 1971ರಿಂದ ಸಿನಿಮಾ ಇದೆ. ಆದರೆ ಕರಾವಳಿಯ ಬದುಕನ್ನು ಟಿವಿಯಲ್ಲಿ ಕಂಡ ನೆನಪು ಕೇಳಿದರೆ ಜನ ಈಗಲೂ ಹೇಳುವುದು ಗುಡ್ಡದ ಭೂತ. ಸದಾನಂದ ಸುವರ್ಣರು ತಮ್ಮ ತುಳು ನಾಟಕವನ್ನೇ ದೂರದರ್ಶನಕ್ಕೆ ಧಾರಾವಾಹಿ ಮಾಡಿದರು. ಮುಂದೆ ದೊಡ್ಡ ನಟನಾದ ಪ್ರಕಾಶ್ ರೈ ಅದರಲ್ಲಿದ್ದರು. ಇದ್ದದ್ದು 13 ಕಂತು. ಅಷ್ಟಕ್ಕೇ ಊರು ಊರೇ ಹೆದರಿತ್ತು. ಆ ಕಥೆ ಟಿವಿಗೆ ಬಂದದ್ದು ಕನ್ನಡದಲ್ಲಿ. ಅದರಿಂದ ಕನ್ನಡಕ್ಕೆ ಒಳ್ಳೆಯದೇ ಆಯಿತು, ಇಡೀ ರಾಜ್ಯ ನೋಡಿತು. ಆದರೆ ಅದು ಹುಟ್ಟಿದ ಮಾತಿನಲ್ಲೂ ಟಿವಿಯಲ್ಲಿ ಕೇಳುವ ಅವಕಾಶ ಇದ್ದಿದ್ದರೆ ಎಂದು ಮನಸ್ಸು ಬಯಸುತ್ತದೆ.

ಇಲ್ಲಿ ಅಡ್ಡ ಬರುವುದು ದುಡ್ಡಿನ ದಾರಿಯೇ. ಎಸ್‌4ಸಿಗೆ ಸಾರ್ವಜನಿಕ ಹಣ ಬರುತ್ತದೆ. ನಮ್ಮ ಸ್ಥಳೀಯ ಚಾನೆಲ್‌ಗಳ ಆಸರೆ ಅಂಗಡಿಗಳ ಜಾಹೀರಾತು ಮತ್ತು ನೇರಪ್ರಸಾರ ಮಾಡಿಸುವವರು. ಆಟಕ್ಕೆ, ನೇಮಕ್ಕೆ ಖರ್ಚು ಹಾಕುವವರು ಇದ್ದಾರೆ. ಬರೆದು, ನಟರನ್ನು ಸೇರಿಸಿ, ತಿಂಗಳುಗಟ್ಟಲೆ ತೆಗೆಯುವ ತುಳು ಧಾರಾವಾಹಿಗೆ ಹರಕೆ ಹೊರುವವರು ಬೇಕು. ನಟರದ್ದು ಚಿಂತೆಯಿಲ್ಲ. ಮಲ್ಪೆ ಬಂದರಿನಲ್ಲಿ ಮೀನು ಏಲಂ ಆಗುವಾಗ ಸುಮ್ನೆ ನಿಂತು ಕೇಳಿ. ಒಬ್ಬನೇ ಮನುಷ್ಯ ಬೋಟಿನವರಿಗೆ ತುಳುವಿನಲ್ಲಿ ಕೂಗಿ, ಘಟ್ಟದ ಮೇಲಿನಿಂದ ಬಂದವರಿಗೆ ಕನ್ನಡದಲ್ಲಿ ದರ ಹೇಳಿ, ಪಕ್ಕದವರೊಂದಿಗೆ ಕೊಂಕಣಿಯಲ್ಲಿ ನಗುತ್ತಿರುತ್ತಾನೆ.