ತೌಡು ದನಕ್ಕೆ, ಬಿ-ಕಾಂಪ್ಲೆಕ್ಸ್ ನಮಗೆ

"ನಾವು ಮೊದಲಿಂದಲೂ ಕುಚ್ಚಲಕ್ಕಿಯವರು ಮೇಡಂ. ನಮಗೆ ಹೇಗೆ ಶುಗರ್ ಬಂತು?"

ಉಡುಪಿ ಕಡೆ ಡಯೆಟಿಷಿಯನ್ ಆಗಿ ಕೂತವಳಿಗೆ ಈ ಪ್ರಶ್ನೆ ವಾರಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಕೇಳುವವರ ದನಿಯಲ್ಲಿ ಮೋಸ ಹೋದ ಬೇಜಾರು. ಬೆಳ್ತಿಗೆ (ಕುಚ್ಚದ ಬಿಳಿ ಅಕ್ಕಿ) ತಿನ್ನುವವರಿಗೆ ಬರಲಿ, ಊರಿನ ಅಕ್ಕಿ ತಿನ್ನುವ ನಮಗೇಕೆ ಎಂಬ ಲೆಕ್ಕ.

ಎಷ್ಟು ಸಲ ಹೇಳಿದರೂ ಸಾಲದ ಮಾತು ಇದು: ಕುಚ್ಚಲಕ್ಕಿ ಎನ್ನುವುದು ತಳಿಯ ಹೆಸರಲ್ಲ, ಬಣ್ಣದ ಹೆಸರೂ ಅಲ್ಲ. ಭತ್ತವನ್ನು ಉಮಿ ಸಮೇತ ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಅಕ್ಕಿ ಮಾಡಿದರೆ ಅದು ಕುಚ್ಚಲಕ್ಕಿ. ಎಂಒ4 ಎಂಬ ಕೆಂಪು ತಳಿ ಕುಚ್ಚಿದರೂ ಕುಚ್ಚಲಕ್ಕಿ, ಜಯ ಎಂಬ ಬಿಳಿ ತಳಿ ಕುಚ್ಚಿದರೂ ಕುಚ್ಚಲಕ್ಕಿ. ಕೆಂಪು ಬರುವುದು ತಳಿಯಿಂದ. ಆ ಕೆಂಪು ಎಷ್ಟು ಉಳಿಯುತ್ತದೆ ಎನ್ನುವುದು ಮಿಲ್ಲಿನವನ ಕೈಯಲ್ಲಿದೆ. ಮೂರೂ ಬೇರೆ ಬೇರೆ ಸಂಗತಿ. ನಮ್ಮವರು ಮೂರನ್ನೂ ಒಂದೇ ಚೀಲಕ್ಕೆ ತುಂಬಿ "ಕುಚ್ಚಲಕ್ಕಿ" ಎಂದು ಬಾಯಿ ಕಟ್ಟಿಬಿಡುತ್ತಾರೆ.

ನಂಬದಿದ್ದರೆ ಕುಚ್ಚುವ ಮೊದಲು ಒಂದು ಎಂಒ4 ಭತ್ತದ ಕಾಳನ್ನು ಉಗುರಿನಿಂದ ಸುಲಿದು ಹಲ್ಲಲ್ಲಿ ಕಡಿದು ನೋಡಿ. ಮೈಮೇಲೆ ತೆಳ್ಳಗೆ ಕೆಂಪು ಸಿಪ್ಪೆ, ಒಳಗೆ ಬೆಳ್ಳಗೆ ಹಿಟ್ಟು. ಆ ಸಿಪ್ಪೆಯೇ ತೌಡು. ನಾರು, ಮೆಗ್ನೀಸಿಯಂ, ಬಿ ಜೀವಸತ್ವಗಳು ಹೆಚ್ಚಾಗಿ ಇರುವುದು ಅಲ್ಲಿ ಮತ್ತು ಮೊಳಕೆಯ ತುದಿಯಲ್ಲಿ. ಒಳಗಿನದು ಬಹುಪಾಲು ಪಿಷ್ಟ. ರಾಜಮುಡಿ ಇರಲಿ, ಸೋನಾ ಮಸೂರಿ ಇರಲಿ, ಪಾಲಿಶ್ ಜಾಸ್ತಿಯಾದಷ್ಟೂ ಉಳಿಯುವುದು ಆ ಪಿಷ್ಟವೇ.

ಬಿ1 ಜೀವಸತ್ವವನ್ನೇ ನೋಡಿ. ತೌಡಿರುವ 100 ಗ್ರಾಂ ಅಕ್ಕಿಯಲ್ಲಿ ಸುಮಾರು 0.27 ಮಿಲಿಗ್ರಾಂ ಇದ್ದರೆ ಪಾಲಿಶ್ ಮಾಡಿದ ಬೆಳ್ತಿಗೆಯಲ್ಲಿ 0.05ರ ಆಸುಪಾಸು. ಪಾಲಿಶ್ ಆದ ಕುಚ್ಚಲಕ್ಕಿ ಎರಡರ ನಡುವೆ ನಿಲ್ಲುತ್ತದೆ. ಕುಚ್ಚುವಾಗ ಬಿಸಿನೀರಿನ ಜತೆ ಈ ಜೀವಸತ್ವ ಸಿಪ್ಪೆಯಿಂದ ಒಳಕ್ಕೆ ಇಳಿದಿರುತ್ತದೆ, ಅದಕ್ಕೆ. ಹಾಗಾಗಿ ಬಿಳಿ ಕುಚ್ಚಲಕ್ಕಿಯನ್ನೂ ನಾನು ಪೂರ್ತಿ ತೆಗೆದುಹಾಕುವುದಿಲ್ಲ. ಪಾಲಿಶ್ ಅಕ್ಕಿಯಿಂದ, ಅಂದರೆ ಬಿ1 ಕೊರತೆಯಿಂದ ಬರುವ ಬೆರಿಬೆರಿ ಕಾಯಿಲೆ ಒಂದು ಕಾಲದಲ್ಲಿ ಎಷ್ಟು ದೊಡ್ಡ ತಲೆನೋವಾಗಿತ್ತೆಂದರೆ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಶುರುವಾದದ್ದೇ ಬೆರಿಬೆರಿ ತನಿಖಾ ಘಟಕವಾಗಿ.

ಆದರೆ ಕ್ಯಾಲೊರಿ? ತೌಡಿರುವ ಅಕ್ಕಿಯಲ್ಲಿ 100 ಗ್ರಾಮಿಗೆ 354ರಷ್ಟು, ಪಾಲಿಶ್ ಅಕ್ಕಿಯಲ್ಲಿ 356ರಷ್ಟು. ಎರಡೇ ಎರಡರ ವ್ಯತ್ಯಾಸ! "ಕೆಂಪಕ್ಕಿ ಅಲ್ವಾ" ಎಂದು ಇನ್ನೆರಡು ಸೌಟು ಬಡಿಸಿಕೊಳ್ಳುವವರು ಈ ಸಾಲನ್ನು ಅಡುಗೆಮನೆ ಗೋಡೆಗೆ ಅಂಟಿಸಿಕೊಂಡರೆ ನನಗೆ ಅರ್ಧ ಕೆಲಸ ಕಡಿಮೆ. ತೌಡಿರುವ ಅಕ್ಕಿ ತಿಂದಾಗ ಸಾಮಾನ್ಯವಾಗಿ ಸಕ್ಕರೆ ನಿಧಾನ ಏರುತ್ತದೆ, ಏರುವುದೇ ಇಲ್ಲ ಎಂದಲ್ಲ. ಊಟವಾಗಿ ಎರಡು ಗಂಟೆಗೆ ಮನೆಯಲ್ಲೇ ಪರೀಕ್ಷಿಸಿಕೊಳ್ಳಿ. ಅಕ್ಕಿ ಬದಲಿಸಿದೆ ಎಂದು ಮಾತ್ರೆ ಮಾತ್ರ ಬಿಡಬೇಡಿ. ಇನ್ನು ಕೆಂಪಕ್ಕಿಯಿಂದ ರಕ್ತ ಹೆಚ್ಚುತ್ತದೆ ಎಂಬ ಮಾತು: ಆ ಬಣ್ಣ ಕಬ್ಬಿಣದ್ದಲ್ಲ. ಬಸಳೆ, ಹುರುಳಿ ತಿನ್ನಿ.

ಬ್ರಹ್ಮಾವರದ ಹತ್ತಿರದ ಒಬ್ಬರು ಅಮ್ಮ ಬಂದಿದ್ದರು. ಕೈಕಾಲು ಜುಂ ಎನ್ನುತ್ತದೆ, ಶುಗರ್ ಹತೋಟಿಯಲ್ಲಿಲ್ಲ. ನಾನು ಕೇಳುವ ಮೊದಲೇ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಅಕ್ಕಿ ಮೇಜಿನ ಮೇಲೆ ಸುರಿದರು. "ನಮ್ಮ ಗದ್ದೆದೇ. ಎಂಒ4." ನೋಡಿದರೆ ಕಾಳು ಮಲ್ಲಿಗೆ ಮೊಗ್ಗಿನ ಹಾಗೆ. ಅಲ್ಲೊಂದು ಇಲ್ಲೊಂದು ಕಾಳಿನ ಗೀರಿನಲ್ಲಿ ಮಾತ್ರ ಕೂದಲೆಳೆಯಷ್ಟು ಕೆಂಪು. ಬೆಂಗಳೂರಿನ ಸೊಸೆಗೂ ಕಳಿಸುವುದಲ್ವಾ, ಚೆಂದ ಕಾಣಲಿ ಎಂದು ಮಗ ಮಿಲ್ಲಿನಲ್ಲಿ ಎರಡು ಸಲ ಪಾಲಿಶ್ ಕೊಡಿಸಿದ್ದ.

"ತೌಡು ಎಂತ ಮಾಡಿದಿರಿ ಅಮ್ಮ?"

"ದನಕ್ಕೆ."

ಅವರ ಚೀಲದಲ್ಲಿ ಔಷಧಿ ಅಂಗಡಿಯ ಬಿ-ಕಾಂಪ್ಲೆಕ್ಸ್ ಪಟ್ಟಿ ಇತ್ತು. ನಿಮ್ಮ ದನ ನಿಮಗಿಂತ ಒಳ್ಳೆ ಊಟ ಮಾಡುತ್ತಿದೆ ಎಂದೆ. ಅವರು ನನ್ನನ್ನೇ ಪೆದ್ದಿಯ ಹಾಗೆ ನೋಡಿ, "ಎಂತ ಮಾರಾಯ್ತಿ, ದನಕ್ಕೆ ಶುಗರ್ ಉಂಟಾ?" ಎಂದರು. ಉತ್ತರ ಹೊಳೆಯಲಿಲ್ಲ. (ಜುಂ ಎನ್ನುವುದಕ್ಕೆ ಅಕ್ಕಿಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಬಹುದಿನದ ಶುಗರಿನಿಂದಲೂ ಅದು ಬರುತ್ತದೆ. ಮಾತ್ರೆ ಬರೆದಿದ್ದು ಡಾಕ್ಟರು, ಮುಂದುವರಿಸಿ ಎಂದೆ.)

ಬರೆದುಕೊಟ್ಟದ್ದು ಇಷ್ಟು: ಮಿಲ್ಲಿನಲ್ಲಿ ಉಮಿ ತೆಗೆಸಿ, ಪಾಲಿಶ್ ಬೇಡ ಅಥವಾ ಒಂದೇ ಸಲ, ಅದೂ ಹಗುರವಾಗಿ. ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಕಮಟುತ್ತದೆ, ತಿಂಗಳಿಗೆ ಬೇಕಾದಷ್ಟೇ ಮಾಡಿಸಿ. ನಾಲ್ಕು ನೀರಲ್ಲಿ ಉಜ್ಜಿ ತೊಳೆಯಬೇಡಿ. ಅನ್ನ ಬಸಿದ ತಿಳಿ ಚೆಲ್ಲಬೇಡಿ, ಆದರೆ ಅದರಲ್ಲೂ ಪಿಷ್ಟ ಇದೆ, ಲೋಟಗಟ್ಟಲೆ ಬೇಡ. ಕಿಡ್ನಿ ತೊಂದರೆ ಇರುವವರು ಮಾತ್ರ ತಮ್ಮ ಡಾಕ್ಟರನ್ನು ಕೇಳದೆ ತೌಡಿನ ಅಕ್ಕಿಗೆ ಹೋಗಬಾರದು, ಅದರಲ್ಲಿ ರಂಜಕ (ಫಾಸ್ಫರಸ್) ಹೆಚ್ಚು.

ಎರಡು ತಿಂಗಳ ಮೇಲೆ ಅಮ್ಮ ಮತ್ತೆ ಬಂದರು. ಈ ಸಲ ಗಂಟಿನಲ್ಲಿ ಕೆಂಪು ಕಾಳು. ದೂರೂ ಇತ್ತು: ಬೇಯಲು ಮುಕ್ಕಾಲು ಗಂಟೆ, ಗ್ಯಾಸ್ ಖರ್ಚು, ಯಜಮಾನರಿಗೆ ಹಲ್ಲಿಲ್ಲ. ರಾತ್ರಿಯೇ ನೆನೆಸಿಡಿ, ಅವರಿಗೆ ಗಂಜಿ ಮಾಡಿ ಎಂದೆ. "ಗಂಜಿ ಮಾಡ್ತೇನೆ. ಉಪ್ಪಿನಕಾಯಿ ಹಾಕ್ಬಹುದಾ?" ಎಂದು ಕೇಳಿದರು. ಯಜಮಾನರಿಗೆ ಬಿಪಿ ಇದೆ. ಒಂದು ಚೂರು ಎಂದೆ.